ಮಾನ್ಯಳಿಗೆ ಕೊಟ್ಟ ಉತ್ತರ

ಅರುಣ್‌ಕುಮಾರ್ ಹೊಳೆನರಸೀಪುರದ ಕಡೆ ಲೈನ್‌ಮನ್. ಕರೆಂಟು ತೆಗೆದಿದ್ದೇವೆಂದು ಸಬ್‌ಸ್ಟೇಷನ್ನಿನವರು ಫೋನಿನಲ್ಲಿ ಹೇಳಿದರೂ ಅವನಿಗೆ ಸಾಲದು. ಮತ್ತೊಮ್ಮೆ ಕೇಳಿ, ಗ್ಲೌಸು ತೊಟ್ಟು, ತಂತಿಯಲ್ಲಿ ಕರೆಂಟಿಲ್ಲವೆಂದು ತಾನೇ ನೋಡಿಕೊಂಡ ಮೇಲೆಯೇ ಕೈಯಿಡುವನು. ಜೊತೆಯವರು ‘ಅಜ್ಜಿ’ ಎಂದು ರೇಗಿಸುತ್ತಿದ್ದರು. ಹೆಂಡತಿ ಶೋಭಿತಾಗೆ ಅದೇ ಧೈರ್ಯ. ಆದರೂ ಮಳೆಗಾಳಿಯ ದಿನ ಅವನು ಬಂದು ಶೂ ಬಿಚ್ಚುವ ತನಕ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಆ ಭಾನುವಾರ ಅವನಿಗೂ ಮಗಳು ಮಾನ್ಯಳಿಗೂ ರಜೆ. ಹಿತ್ತಲ ಸಂಪಿನ ಮೋಟಾರು ನೀರೆತ್ತಲಿಲ್ಲ.

“ರೀ, ಒಸಿ ನೋಡಿ,” ಎಂದಳು ಶೋಭಿತಾ. ಅವನು ಬರಿಗಾಲಲ್ಲೇ ಹೊರಟ.

“ಮೇನ್ ಆಫ್ ಮಾಡ್ಲಾ?”

“ಬ್ಯಾಡ ಬಿಡು, ಮಾನ್ಯ ಟಿವಿ ನೋಡ್ತಾವ್ಳೆ. ಕೂಗಾಡ್ತಾಳೆ. ಇದೇನು ಹನ್ನೊಂದು ಕೆವಿ ಲೈನಾ?”

ಶೋಭಿತಾ ನಕ್ಕಳು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಹೊನ್ನಕ್ಕನೂ ನಕ್ಕಳು.

ಒಲೆಯ ಮೇಲಿನ ಹಾಲು ಇಳಿಸುವಷ್ಟರಲ್ಲಿ ಹಿತ್ತಲಲ್ಲಿ ಏನೋ ಬಿದ್ದ ಸದ್ದಾಯಿತು. ಆಟೋ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ತಿಥಿ ಕಳೆದು ನೆಂಟರೆಲ್ಲ ಹೊರಟ ಮೇಲೆ ಮಾನ್ಯ ಬಂದು ಅಮ್ಮನೆದುರು ಕೂತಳು. ಏಳನೇ ಕ್ಲಾಸಿನ ಹುಡುಗಿ.

“ಅಮ್ಮ, ಅಪ್ಪ ಯಾಕೆ ಮೇನ್ ಆಫ್ ಮಾಡ್ನಿಲ್ಲ?”

ಬಾಯಿಗೆ ಬಂದದ್ದನ್ನು ಆಡಿಬಿಡುವ ಶೋಭಿತಾ ಅಂದು ಒಂದು ಮಾತಿಗಾಗಿ ತಡಕಾಡಿದಳು. ಈಗ ಹೇಳುವುದು ಮಗಳ ಜೊತೆ ಅವಳು ಸೇರುವ ಮನೆಗೂ ಹೋಗುತ್ತದೆ, ಮುದುಕಿಯಾದರೂ ಬಿಡುವುದಿಲ್ಲ. ಗಂಡನ ‘ಬ್ಯಾಡ ಬಿಡು, ಮಾನ್ಯ ಟಿವಿ ನೋಡ್ತಾವ್ಳೆ’ ಇನ್ನೂ ಕಿವಿಯಲ್ಲಿತ್ತು. ತಾನು ಇನ್ನೊಂದು ಸಲ ಕೇಳಿದ್ದರೆ? ಕೇಳದೆಯೇ ಹೋಗಿ ಸ್ವಿಚ್ಚು ಕೆಳಗೆಳೆದಿದ್ದರೆ? ಎಲ್ಲವನ್ನೂ ನುಂಗಿಕೊಂಡಳು.

“ಮರ್ತುಬುಟ್ರು ಕಣವ್ವ.”

“ಅಂಗೆಲ್ಲ ಮರೆಯೋರಲ್ಲ ಅಪ್ಪ.”

ಮೂಲೆಯಲ್ಲಿದ್ದ ಹೊನ್ನಕ್ಕ ಸೊಸೆಯ ಮುಖ ನೋಡಿದಳು. “ಚಿಕ್ಕವನಿದ್ದಾಗ್ಲಿಂದ್ಲೂ ಮರೆವು ಕಣವ್ವ ನಿಮ್ಮಪ್ಪಂಗೆ,” ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು.

ಮಾನ್ಯಳ ಮುಖ ಕೆಂಪೇರಿತು. “ಅಂಗಾದ್ರೆ ನಮ್ಮನ್ನೂ ಮರ್ತುಬುಟ್ರು,” ಎಂದು ಎದ್ದುಹೋದಳು. ಅಪ್ಪನ ಫೋಟೋಗೆ ಅವಳೇ ಹೂ ಮುಡಿಸುತ್ತಿದ್ದಳು. ಅಂದು ಮುಡಿಸಲಿಲ್ಲ, ಮರುದಿನವೂ ಇಲ್ಲ.

ಶೋಭಿತಾ ಒತ್ತಾಯ ಮಾಡಲಿಲ್ಲ. ಅಪ್ಪನ ಮೇಲೆ ಸಿಟ್ಟಿದ್ದರೆ ಇರಲಿ, ಹುಡುಗಿ ತನ್ನನ್ನು ತಾನು ಬೈದುಕೊಳ್ಳದಿದ್ದರೆ ಸಾಕು. ಹೂವನ್ನು ತಾನೇ ತಂದಳು. ಏನನ್ನೂ ಮರೆಯದಿದ್ದ ಗಂಡನ ಫೋಟೋಗೆ ಅದನ್ನು ಮುಡಿಸಿದಳು.