ಎಳೆಬಿಸಿಲಿನ ಮೂಲೆ

ತೊಟ್ಟಿಕ್ಕುತ್ತಿದೆ, ತೊಟ್ಟಿಕ್ಕುತ್ತಲೇ ಇದೆ, ಮಡಿಸೀರೆಯ ಅಂಚಿನಿಂದ ಒಂದೊಂದೇ ಹನಿ ಬಾಲ್ಕನಿಯ ಟೈಲ್ಸಿನ ಮೇಲೆ, ಆ ಸೀರೆಯ ಹಿಂದೆ ಎಲ್ಲೋ ಬಿಸಿಲಿದೆ, ನನ್ನ ಗಿಡಕ್ಕೆ ಬರಬೇಕಾದ ಬಿಸಿಲು, ಈ ತಮಿಳೂರು ಅಂಬತ್ತೂರಿನ ಕಾರ್ಖಾನೆ ಶೆಡ್ಡುಗಳ ಮೇಲೆ ಹತ್ತಿ ಬಂದು ಈ ಮೂಲೆಗೆ ಬೀಳುವುದೇ ಬೆಳಿಗ್ಗೆ ಒಂದಿಷ್ಟು ಹೊತ್ತು, ಸರಿಯಾಗಿ ಅದೇ ಹೊತ್ತಿಗೆ ಗೋದಾಬಾಯಿಯವರ ಸ್ನಾನ ಮುಗಿಯುತ್ತದೆ, ಒಂಬತ್ತು ಗಜದ ಒದ್ದೆ ಸೀರೆ ಕೋಲಿನ ತುದಿಯಲ್ಲಿ ಎದ್ದು ಮೇಲಿನ ಗಳದ ಮೇಲೆ ಹರಡಿಕೊಳ್ಳುತ್ತದೆ, ನನ್ನ ಮೂಲೆಗೆ ಕತ್ತಲು. ಎದುರಿಗೆ ಅತ್ತೆ ಅನ್ನುತ್ತೇನೆ, ಮನಸ್ಸಿನೊಳಗೆ ಮಾತ್ರ ಹೆಸರು ಹಿಡಿದೇ ಕರೆಯುವುದು, ಅಲ್ಲಿಗಾದರೂ ಅವರ ಕೋಲು ತಲುಪುವುದಿಲ್ಲ. ಕನಕಾಂಬರ ಕೇಳುವುದಾದರೂ ಏನು, ಎಳೆಬಿಸಿಲು ಬೇಕು, ಏರುಬಿಸಿಲು ಬೇಡ, ಅಷ್ಟೇ, ಎಳೆಬಿಸ್ಲು ತವ್ರುಮನೆ ಕಣವ್ವ ನಡುನೆತ್ತಿ ಬಿಸ್ಲು ಅತ್ತೆಮನೆ ಎಂದು ಅವ್ವ ನಗುತ್ತಿದ್ದಳು, ನಂಜನಗೂಡಿನ ಹಿತ್ತಲಲ್ಲಿ ಗೋಡೆ ನೆರಳಿಗೆ ಸಾಲಾಗಿ ಗಿಡ, ಹುಚ್ಚಮ್ಮನ ಕನಕಾಂಬರ ಅಂದರೆ ಬೀದಿಗೆಲ್ಲ ಗೊತ್ತು, ಮಂಡಿಯ ಮೇಲೆ ದಾರ ಸುತ್ತಿಕೊಂಡು ಅವಳು ಕಟ್ಟುತ್ತಿದ್ದರೆ ನಾನು ಒಣಗಿದ ಕಾಯಿಗೆ ಎಂಜಲು ಹಚ್ಚಿ ಅಂಗೈಯಲ್ಲಿಟ್ಟು ಕಾಯುತ್ತಿದ್ದೆ, ಚಟ್ ಎಂದು ಸಿಡಿದಾಗ ಕೂಗುತ್ತಿದ್ದೆ, ನೀರು ಸೋಕಿಸ್ಬೇಡ ಕಣಮ್ಮಿ ಬೀಜ ಎಲ್ಲಿಗ್ ಹಾರೋಯ್ತದೋ ಸಿಕ್ಕಲ್ಲ ಎಂದು ಅವ್ವ ಗದರುತ್ತಿದ್ದಳು. ಈಗ ಅವ್ವ ಇಲ್ಲ, ಅಣ್ಣ ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಿದ್ದಾನೆ, ಅವಳ ಗಿಡದ ಬೀಜ ಅಂತ ಈ ಭೂಮಿಯ ಮೇಲೆ ಉಳಿದಿದ್ದರೆ ಈ ಒಂದು ಕುಂಡದಲ್ಲಿ. ಇಲ್ಲಿ ಅದಕ್ಕೆ ಬೆಲೆಯಿಲ್ಲ, ವಾಸನೆ ಇಲ್ಲದ ಹೂ ದೇವರಿಗೆ ಬರಲ್ಲ ಕಣೇ, ಗೋದಾಬಾಯಿಯವರ ತೀರ್ಪು.

ದೇವರಿಗೆ ಬಾರದ ಹೂವು, ದೇವರಮನೆಗೆ ಬಾರದ ಸೊಸೆ, ಒಳ್ಳೆಯ ಜೋಡಿ. ಮದುವೆಯಾಗಿ ಬಂದ ದಿನವೇ ಆ ಕೋಲಿನ ತುದಿ ನೋಡಿದ್ದು, ತಿರುಮಲ ನನ್ನ ಚೀಲ ಹಿಡಿದು ಹಿಂದೆ ನಿಂತಿದ್ದ, ಅವನ ಅಮ್ಮ ಕೋಲಿನ ತುದಿಯಿಂದ ಅಡುಗೆಮನೆಯ ಹೊಸ್ತಿಲು ತೋರಿಸಿದರು, ಅಲ್ಲಿಯವರೆಗೆ, ಅದರಾಚೆ ಇಲ್ಲ. ಹೊರಗಿನ ಕೋಣೆಯ ಸ್ಟೌವಿನಲ್ಲಿ ನಾನು ಮಾಡಿದ ಅನ್ನ ಅವರ ಮಗ ತಿನ್ನಬಹುದು, ಅವರು ತಿನ್ನುವುದಿಲ್ಲ, ಒಮ್ಮೆ ನನ್ನ ದುಪಟ್ಟಾ ಆ ಕೋಲಿಗೆ ಸೋಕಿತೆಂದು ಅದನ್ನು ನಲ್ಲಿಯ ಕೆಳಗಿಟ್ಟು ತೊಳೆದರು, ನಾನು ನೋಡುತ್ತಿರುವಾಗಲೇ, ನಿಧಾನವಾಗಿ, ಎರಡೂ ತುದಿ. ಮಂಡಿನೋವಿನಲ್ಲೂ ತಣ್ಣೀರು ಮೀಯುತ್ತಾರೆ, ಸೀರೆ ತಾವೇ ಹಿಂಡುತ್ತಾರೆ, ಇರಲಿ, ಅವರ ಮಂಡಿ ಅವರದು, ಬಿಸಿಲು ಯಾರಪ್ಪನದು. ಅವ್ವನ ವರ್ಷದ ಎಡೆಗೆಂದು ಊರಿಗೆ ಹೋದೆನಲ್ಲ, ಹೋಗುವಾಗ ಬಿಡಿಸಿ ಹೇಳಿ ಹೋಗಿದ್ದೆ, ಅತ್ತೆ, ಕುಂಡ ಮೂಲೆಯಲ್ಲೇ ಇರಲಿ, ಬುಡಕ್ಕೆ ಒಂದು ಲೋಟ ನೀರು ಸಾಕು, ಹ್ಞೂಂ ಅಂದರು, ಬಂದು ನೋಡಿದರೆ ಕುಂಡ ಗ್ರಿಲ್ಲಿನ ಅಂಚಿನಲ್ಲಿದೆ, ಇಲ್ಲಿಯವರು ಕತ್ತರಿ ಅನ್ನುವ ಬೇಸಿಗೆಯ ಉರಿಬಿಸಿಲು ಸುರಿಯುವ ಕಡೆ, ಪಕ್ಕದಲ್ಲಿ ಏಸಿಯ ಡಬ್ಬ ಬಿಸಿಗಾಳಿ ಉಗುಳುತ್ತಿದೆ, ಎಲೆಗಳು ಸುಟ್ಟ ಹಪ್ಪಳ, ಮುಟ್ಟಿದರೆ ಪುಡಿ. ನೀರನ್ನೂ ತಲೆಯ ಮೇಲಿಂದ ಚೊಂಬುಗಟ್ಟಲೆ ಸುರಿದಿದ್ದಾರೆ, ಒಣಗಿದ ಕಾಯಿಗಳೆಲ್ಲ ಸಿಡಿದು ಬೀಜ ಗ್ರಿಲ್ಲಿನಾಚೆ ಕೆಳಗಿನ ಪಾರ್ಕಿಂಗಿಗೆ. ಕೇಳಿದರೆ ಅವರು, ಹೂವಿನ ಗಿಡ ಅಲ್ಲವಾ, ನಲ್ಲಾ ವೆಯಿಲ್, ಒಳ್ಳೇ ಬಿಸಿಲು ಬೀಳಲಿ ಅಂತ ತಳ್ಳಿದೆ, ಒಳ್ಳೇದಕ್ಕೇ ಮಾಡಿದ್ದು. ತಳ್ಳಿದೆ. ಕೈಯಿಂದಲ್ಲ, ಟೈಲ್ಸಿನ ಮೇಲೆ ಗೀಚು ಇದೆ, ಕುಂಡದ ಕಂಠ ಒಂದು ಕಡೆ ಒಡೆದಿದೆ, ಕೋಲಿನ ತುದಿಯಿಂದ ತಳ್ಳಿದ್ದು. ಮಣ್ಣಿಗೆ ತಾಗಿದ ಕೋಲಿಗೆ ಮೈಲಿಗೆಯಿಲ್ಲ, ನನ್ನ ದುಪಟ್ಟಾ ತಾಗಿದರೆ ಮೈಲಿಗೆ, ಹೇಳೋದು ಪುರಾಣ ತಿನ್ನೋದು ಬದನೆಕಾಯಿ. ರಾತ್ರಿ ಊಟಕ್ಕೆ ಕೂತಾಗಲೇ ತಿರುಮಲನಿಗೆ ಹೇಳಿದೆ, ಗಿಡ ತಾನೇ ಮಾ, ವಿಡು, ಬಿಟ್ಟುಬಿಡು, ಕೋಯಂಬೇಡು ಮಾರ್ಕೆಟ್ಟಿನಿಂದ ಬೇರೆ ತರೋಣ ಅಂದ, ಅವನ ಅಮ್ಮ ಸತ್ತ ಮೇಲೆ ನಾನೂ ಅದೇ ಹೇಳುತ್ತೇನೆ, ಕೋಯಂಬೇಡಿನಿಂದ ಬೇರೆ ತರೋಣ. ಹೌದು, ಹಾಗೇ ಯೋಚಿಸಿದೆ, ಯೋಚಿಸಿ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಕುಂಡವನ್ನು ಮತ್ತೆ ಮೂಲೆಗೆ ತಂದಿಟ್ಟೆ, ಉಳಿದದ್ದು ಒಂದೇ ತೆನೆ, ಅದರಲ್ಲಿ ಒಂದೇ ಕಾಯಿ, ನಿನ್ನೆ ಸಂಜೆ ಕಂದು ಬಣ್ಣಕ್ಕೆ ತಿರುಗಿತ್ತು, ಗಿಡ ಹೇಗೂ ಉಳಿಯುವುದಿಲ್ಲ, ಈ ಕಾಯಿ ಒಣಗಿದ್ದು ಒಣಗಿದ ಹಾಗೆ ಬಿಡಿಸಿ ಪೊಟ್ಟಣ ಕಟ್ಟಿಟ್ಟರೆ ಅವ್ವ ಉಳಿಯುತ್ತಾಳೆ, ಅದಕ್ಕೇ ಬೇಗ ಎದ್ದೆ, ಗಿಂಡಿ ಏರಿಯಾದಲ್ಲಿರುವ ನನ್ನ ಆಫೀಸು ಹಾಳಾಗಲಿ, ತಡವಾಗಿ ಹೋದರಾಯಿತು, ಬೇರು ಬದುಕಿದೆಯೋ ನೋಡೋಣವೆಂದು ಮಣ್ಣು ಕೆದಕಿದೆ, ಅದೇ ತಪ್ಪಾಯಿತು, ಕೈಯೆಲ್ಲ ಕೆಸರು, ಒದ್ದೆ ಕೈಯಲ್ಲಿ ಕಾಯಿ ಮುಟ್ಟುವಂತಿಲ್ಲ, ಒಳಗೆ ಹೋಗಿ ಒರೆಸುವ ಬಟ್ಟೆ ಹುಡುಕುವಷ್ಟರಲ್ಲಿ ಸೀರೆ ಮೇಲೇರಿಬಿಟ್ಟಿತು. ಅತ್ತೆ, ಒಂಚೂರು ಆ ಕಡೆ ಸರಿಸಿ, ಗಿಡದ ಮೇಲೆ ನೀರು ಬೀಳುತ್ತೆ. ಬಿದ್ದರೆ ಏನಾಯ್ತು, ಮಡಿ ನೀರು ಕಣೇ, ಗಿಡಕ್ಕೆ ಪುಣ್ಯ. ಪುಣ್ಯ, ಕುಂಡ ಎಳೆಯಲು ಬಗ್ಗಿದೆ, ಕಂಠ ಒಡೆದ ಕಡೆ ಬೆರಳು ಜಾರಿತು, ತೊಟ್ಟು, ಒಂದು ಹನಿ ನೇರ ತೆನೆಯ ಮೇಲೆ, ಬೇಡ ಬೇಡ ಬೇಡ, ಚಟ್. ಬಾಲ್ಯದಲ್ಲಿ ಕೇಳಿದ ಅದೇ ಸದ್ದು. ಒಂದು ಗ್ರಿಲ್ಲಿನಾಚೆ, ಒಂದು ನೀರು ಹೋಗುವ ಜಾಲರಿಯೊಳಗೆ, ಇನ್ನೊಂದು, ಇನ್ನೊಂದು ಎಲ್ಲಿ, ಟೈಲ್ಸಿನ ಮೇಲಿಲ್ಲ, ಕುಂಡದಲ್ಲಿಲ್ಲ, ಅಲ್ಲಿದೆ, ಸೀರೆಯ ಮೇಲೆ, ನೀರು ಸೋಕಿದರೆ ಲೋಳೆಯಾಗಿ ಅಂಟುವ ಬೀಜ, ನನ್ನ ಕಣ್ಣಿನ ಮಟ್ಟಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ಅವರೂ ನೋಡಿದರು. ಏನೋ ಕಸ ಅಂಟಿದೆ, ನೀ ಮುಟ್ಟಬೇಡ, ನಾನೇ ತಟ್ಟುತ್ತೀನಿ. ಕೋಲು ಎದ್ದಿತು, ತಟ್ಟಿದರೆ ಹಾರುವುದು ಗ್ರಿಲ್ಲಿನಾಚೆಗೇ, ಕೆಳಗೆ ಕಾರುಗಳು, ಸಿಮೆಂಟು, ಇಲ್ಲೂ ಸಿಮೆಂಟು. ಹಿಡಿದೆ. ಕೆಸರುಗೈಯಲ್ಲೇ ಹಿಡಿದೆ, ಮಡಿಸೀರೆಯನ್ನು ಬೀಜದ ಸಮೇತ ಮುಷ್ಟಿಯೊಳಗೆ, ತಣ್ಣಗಿದೆ, ಹಿಂಡಿದ ನೀರು ಮೊಣಕೈಗೆ ಇಳಿಯುತ್ತಿದೆ, ಕೆಸರು ಸೀರೆಗೆ ಹರಡುತ್ತಿದೆ, ಬೀಜ ಅಂಗೈಗೆ ಚುಚ್ಚುತ್ತಿದೆ. ಬಿಡೇ. ಬಿಡಲ್ಲ ಅತ್ತೆ. ಜೋರಾಗಿಯೇ ಅಂದೆನೇ, ಅಂದಿರಬೇಕು, ಅವರ ಮುಖ ನೋಡುತ್ತಿಲ್ಲ, ನೋಡುತ್ತಿರುವುದು ಕೋಲನ್ನು, ನನ್ನ ಮಣಿಕಟ್ಟಿನ ಹತ್ತಿರ ಬಂದು ನಿಂತಿದೆ, ಒಂದು ಬೆರಳು ದೂರ, ಹೊಡೆಯಲಿ, ಹೊಡೆದರೆ ನನ್ನನ್ನು ಮುಟ್ಟಬೇಕು, ಮುಟ್ಟಿದರೆ ಕೋಲಿಗೂ ಮೈಲಿಗೆ, ಮುಟ್ಟದಿದ್ದರೆ ನಾನು ಬಿಡುವುದಿಲ್ಲ, ಬಿಸಿಲು ಸೀರೆಯ ಸಂದಿನಿಂದ ನನ್ನ ಮುಷ್ಟಿಯ ಮೇಲೆ ಬಿದ್ದಿದೆ, ಎಳೆಬಿಸಿಲು, ಕೋಲು ಮುಂದೆ ಬಾರದು, ಹಿಂದೆ ಹೋಗದು, ಸವೆದು ನುಣುಪಾದ ಕೋಲಿನ ತುದಿ, ನಡುಗುತ್ತಿದೆ, ಕೋಲಿನ ತುದಿ