ಎಡದ್ದು ಎಡಕ್ಕೆ

ಅಂಗಡಿಯೊಳಗೆ ಕಾಲಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಹಾಡು ಕೇಳುವ ಸೆಟ್ಟುಗಳನ್ನು ಇಟ್ಟಿರುವ ಜಾಗ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಮೊದಲು ಫ್ರಿಜ್ಜುಗಳ ಸಾಲು, ಆಮೇಲೆ ಬಟ್ಟೆ ಒಗೆಯುವ ಯಂತ್ರಗಳ ಸಾಲು, ಅದರಾಚೆ ಗೋಡೆಯುದ್ದಕ್ಕೂ ಟಿವಿಗಳು. ಎಲ್ಲ ಟಿವಿಗಳಲ್ಲೂ ಒಂದೇ ಗಿಳಿ ಒಂದೇ ಸಲಕ್ಕೆ ರೆಕ್ಕೆ ಬಿಚ್ಚುತ್ತಿತ್ತು. ಪ್ರೂಫಮ್ಮ ನಲವತ್ತು ಗಿಳಿಗಳವರೆಗೆ ಎಣಿಸಿ ಬಿಟ್ಟುಬಿಟ್ಟರು. ಮಂಡಿ ನೋಯುತ್ತಿತ್ತು. ಕಂಕುಳಲ್ಲಿದ್ದ ಬಟ್ಟೆಚೀಲದೊಳಗೆ ಒಂದು ಹಳೆಯ ರೆಕಾರ್ಡು ಇತ್ತು. ಅದು ಬಾಗದಂತೆ ಹಿಡಿದು ಹಿಡಿದು ತೋಳು ಮರಗಟ್ಟಿತ್ತು.

ಮುಂದೆ ನಡೆಯುತ್ತಿದ್ದ ಅವರ ಗಂಡ ಪ್ರತಿಯೊಂದು ಯಂತ್ರದ ಮುಂದೂ ನಿಂತು, ಅದಕ್ಕೆ ಅಂಟಿಸಿದ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು.

"ರೀ, ನಮಗೆ ಬಟ್ಟೆ ಒಗೆಯೋ ಯಂತ್ರ ಬೇಕಾಗಿಲ್ಲ."

"ಗೊತ್ತು ಕಣೇ. ಇಲ್ಲಿ ನೋಡು, 'ನೀರು' ಅಂತ ಹಾಕೋ ಕಡೆ 'ನೂರು' ಅಂತ ಹಾಕಿದ್ದಾರೆ. 'ಕಡಿಮೆ ನೂರು ಸಾಕು' ಅಂತೆ!"

"ತಪ್ಪು ಹುಡುಕೋದು ನನ್ನ ಕೆಲಸ. ನೀವು ಮುಂದೆ ನಡೀರಿ."

ಇಬ್ಬರೂ ಒಂದೇ ಅಚ್ಚುಕೂಟದಲ್ಲಿ ದುಡಿದು ನಿವೃತ್ತರಾದವರು. ಗಂಡ ಅಚ್ಚುಮೊಳೆ ಜೋಡಿಸುವವರು, ಹೆಂಡತಿ ಪ್ರೂಫು ತಿದ್ದುವವರು. ಮೊಳೆರಾಯರು, ಪ್ರೂಫಮ್ಮ ಎಂಬ ಹೆಸರುಗಳು ಅಲ್ಲಿಯವರು ಇಟ್ಟದ್ದು. ಈಗ ಅಕ್ಕಪಕ್ಕದ ಮನೆಯವರೂ ಹಾಗೇ ಕರೆಯುತ್ತಾರೆ. ಅಚ್ಚುಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ರಾಯರು ಅದನ್ನು ಹಾಗೆಯೇ, ತಿರುಗಾಮುರುಗಾ, ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದರು. ಪ್ರೂಫಮ್ಮ ನೆಟ್ಟಗೆ ಓದುತ್ತಿದ್ದರು. ಅವರ ತಪ್ಪನ್ನು ಇವರು ಹಿಡಿಯುವುದು, ಇವರು ಹಾಕಿದ ಗುರುತು ನೋಡಿ ಅವರು ಗೊಣಗುವುದು. ಮದುವೆಗೆ ಮೊದಲೂ ಇದೇ, ಆಮೇಲೂ ಇದೇ.

ಇವತ್ತು ಇಲ್ಲಿಗೆ ಬಂದದ್ದು ಸೊಸೆಯ ನಿದ್ದೆಗಾಗಿ. ಸೊಸೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಬೆಳಿಗ್ಗೆ ಎಂಟಕ್ಕೆ ಬಂದು, ಎರಡು ತುತ್ತು ತಿಂದು ಮಲಗಿದರೆ ಸಂಜೆ ನಾಲ್ಕರವರೆಗೂ ಅವಳಿಗೆ ರಾತ್ರಿ. ರಾಯರು ಹಾಡು ಕೇಳುವ ಹೊತ್ತೂ ಅದೇ. ಅವರ ಸೆಟ್ಟಿಗೂ ಅವಳ ತಲೆದಿಂಬಿಗೂ ನಡುವೆ ಇರುವುದು ಒಂದು ಗೋಡೆ. ಎರಡು ವರ್ಷದಿಂದ ಸೆಟ್ಟಿನ ಸದ್ದು ಏರುತ್ತಲೇ ಹೋಗಿತ್ತು. ಸೊಸೆ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದಳು. ಹೋದ ವಾರ ಬಸ್ಸಿನಲ್ಲಿ ನಿದ್ದೆ ಹತ್ತಿ ಡಿಪೋದವರೆಗೂ ಹೋಗಿಬಂದಳು. ಅದರ ಮಾರನೆಯ ದಿನ ವಾರ್ಡಿನಲ್ಲಿ ಯಾರದೋ ಮಾತ್ರೆಯನ್ನು ಯಾರಿಗೋ ಕೊಡುವುದರಲ್ಲಿದ್ದಳು, ಜೊತೆಯ ನರ್ಸು ಕೈ ಹಿಡಿದಳು. ಅಳುತ್ತಾ ಅದನ್ನು ಹೇಳಿಕೊಂಡದ್ದು ಅತ್ತೆಯ ಹತ್ತಿರ ಮಾತ್ರ.

ಪ್ರೂಫಮ್ಮ ಅದನ್ನು ರಾಯರ ಕಿವಿಗೆ ಹಾಕಿದ ದಿನವೇ ಅವರು ಸೆಟ್ಟಿನ ಪ್ಲಗ್ಗು ಕಿತ್ತರು. ಮೂರು ದಿನ ಗೋಡೆ ನೋಡುತ್ತ ಕೂತರು. ನಾಲ್ಕನೆಯ ದಿನ ಪ್ರೂಫಮ್ಮನೇ ಹೆಡ್‌ಫೋನಿನ ಮಾತು ತೆಗೆದರು. ಹಳೆಯ ಸೆಟ್ಟಿನಲ್ಲಿ ಅದನ್ನು ಸಿಕ್ಕಿಸುವುದಕ್ಕೆ ಜಾಗವೇ ಇರಲಿಲ್ಲ. ಅದರ ಆಂಪ್ಲಿಫೈಯರನ್ನೂ ಹೊಸದು ಕೊಳ್ಳಬೇಕಾಗಿತ್ತು.

"ಕಿವಿಗೆ ಚಿಪ್ಪು ಕಟ್ಕೊಂಡು ಹಾಡು ಕೇಳೋದಾ?" ಎಂದಿದ್ದರು ರಾಯರು. ಆಮೇಲೆ, "ಆಯ್ತು. ಒಂದು ಸಲ ನೋಡ್ತೀನಿ. ಸರಿಯಾಗಿ ಕೇಳಿಸಿದ್ರೆ ತಗೊಳ್ಳೋಣ. ಇಲ್ಲಾಂದ್ರೆ ಎಲ್ಲಾನೂ ಗುಜರಿಯವನಿಗೆ ಕೊಟ್ಟುಬಿಡೋಣ, ಮತ್ತೆ ಆ ಮಾತು ಬೇಡ."

ರಾಯರು ಆ ಮಾತು ಬೇಡ ಎಂದರೆ ಬೇಡವೇ. ಬೀಡಿ ಬಿಟ್ಟದ್ದೂ ಹಾಗೆಯೇ, ತಮ್ಮನ ಜೊತೆ ಮಾತು ಬಿಟ್ಟದ್ದೂ ಹಾಗೆಯೇ. ಹಾಡನ್ನೂ ಬಿಟ್ಟರೆ ಇನ್ನು ಉಳಿಯುವುದು ಆ ಗೋಡೆಯೊಂದೇ ಎಂದು ಪ್ರೂಫಮ್ಮನಿಗೆ ಭಯ. ಇನ್ನೊಂದು ಅಳುಕೂ ಇತ್ತು. ರಾಯರ ಎಡಗಿವಿ ಕೆಲಸ ನಿಲ್ಲಿಸಿದೆಯೆಂದು ಅವರಿಗೆ ಅನುಮಾನ. ಎಡಗಡೆಯಿಂದ ಕರೆದರೆ ಅವರು ಓಗೊಡುತ್ತಿರಲಿಲ್ಲ. ಪ್ರೂಫಮ್ಮ ಊಟದ ಹೊತ್ತಿನಲ್ಲಿ ತಮ್ಮ ತಟ್ಟೆಯನ್ನು ಸದ್ದಿಲ್ಲದೆ ಗಂಡನ ಬಲಗಡೆಗೆ ಸರಿಸಿಕೊಂಡು ವರ್ಷವಾಗಿತ್ತು. ಯಾಕೆ ಎಂದು ರಾಯರು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೊನೆಗೂ ಮಹಡಿಯ ಮೂಲೆಯಲ್ಲಿ ಗಾಜಿನ ಕೋಣೆಯೊಂದು ಕಂಡಿತು. ಒಳಗೆಲ್ಲ ಸ್ಪೀಕರುಗಳು, ಆಂಪ್ಲಿಫೈಯರುಗಳು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಸೇಲ್ಸ್‌ಮನ್ ಒಬ್ಬ ನಿಂತಿದ್ದ. ಅಂಗಡಿಯವರು ಕೊಟ್ಟ ಕಿತ್ತಳೆ ಅಂಗಿ ಅವನ ಹೊಟ್ಟೆಯ ಮೇಲೆ ಬಿಗಿದು ಕೂತಿತ್ತು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತ ನಿಂತಿದ್ದ ಅವನನ್ನು ನೋಡಿ, ಪಾಪ, ಬೆಳಗಿನಿಂದ ಕೂತಿಲ್ಲ ಅಂದುಕೊಂಡರು ಪ್ರೂಫಮ್ಮ.

"ಬನ್ನಿ ಅಮ್ಮಾ, ಮೊದಲು ಕೂತ್ಕೊಳ್ಳಿ," ಎಂದ ಅವನು, ಕೋಣೆಯಲ್ಲಿದ್ದ ಒಂದೇ ಸೋಫಾದ ಮೇಲಿನ 'ಕೂರಬಾರದು' ಎಂಬ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನೀವೂ ಕೂತ್ಕೊಳ್ಳಿ, ಪರವಾಗಿಲ್ಲ."

"ಅಯ್ಯೋ, ಮೇಲೆ ಕ್ಯಾಮೆರಾ ಇದೆಯಮ್ಮಾ. ಇಲ್ಲಿ ಕೂತರೆ ನಾಳೆಯಿಂದ ಮನೇಲೇ ಕೂರಿಸ್ತಾರೆ."

ರಾಯರು ನಕ್ಕರು. ಬೆಳಗಿನಿಂದ ಮೊದಲ ಸಲ.

ಚೀಲದಿಂದ ರೆಕಾರ್ಡು ಹೊರಬಂತು. ಒಬ್ಬಳು ಹಾಡುಗಾರ್ತಿ, ಒಂದು ಪಿಟೀಲು, ಬೇರೇನೂ ಇಲ್ಲ. ಸೇಲ್ಸ್‌ಮನ್ ಅದನ್ನು ಅಂಗೈಗಳ ನಡುವೆ, ಅಂಚಿನಲ್ಲಷ್ಟೇ ಹಿಡಿದ. ರಾಯರಿಗೆ ಆಗಲೇ ಅವನ ಮೇಲೆ ನಂಬಿಕೆ ಬಂತು.

"ಇದು ಹಳೇ ಕಾಲದ ಸ್ಟೀರಿಯೋ ಸರ್. ಹಾಡು ಪೂರ್ತಿ ಒಂದು ಕಡೆ, ಪಿಟೀಲು ಪೂರ್ತಿ ಇನ್ನೊಂದು ಕಡೆ. ಇಂಥದ್ದನ್ನ ಕೈಯಲ್ಲಿ ಹಿಡಿದು ಎಷ್ಟು ವರ್ಷ ಆಗಿತ್ತು!"

ಅವನು ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿದ್ದ ಆಂಪ್ಲಿಫೈಯರಿಗೆ ಹೆಡ್‌ಫೋನು ಸಿಕ್ಕಿಸಿ, ಅದರ ತಲೆಪಟ್ಟಿ ಸಡಿಲಿಸಿ, ರಾಯರ ತಲೆಗೆ ಕೂರಿಸಿದ. ರಾಯರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಕಾದರು. ಕಣ್ಣು ತೆರೆದರು. ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಕೇಳಿದರು:

"ಹಾಡೋಳು ಎಲ್ಲಿ?"

"ಸರ್?"

"ಪಿಟೀಲು ಇದೆ. ಚೆನ್ನಾಗಿದೆ. ಹಾಡೋಳೇ ಇಲ್ಲ."

ಸೇಲ್ಸ್‌ಮನ್ ಇನ್ನೊಂದು ಹೆಡ್‌ಫೋನು ತಂದ. ಅದರಲ್ಲೂ ಅವಳಿರಲಿಲ್ಲ. ಮೂರನೆಯದು ತಂದ. ಅವನು ತಾನೇ ಒಂದು ಗಳಿಗೆ ಹಾಕಿಕೊಂಡು ಕೇಳಿದ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಪ್ರೂಫಮ್ಮನ ಮುಖದ ಮೇಲೆ ಬಿತ್ತು. ಬಾಯಿ ಮುಚ್ಚಿದ.

"ಕೇಬಲ್ಲಿನ ತೊಂದರೆ ಇರಬೇಕು ಸರ್," ಎಂದು, ಏನೂ ಆಗಿಲ್ಲದ ಕೇಬಲ್ಲನ್ನು ಬಿಚ್ಚಿ ಬೇರೆ ಹಾಕಿದ. ಹಾಗೆ ಹೇಳಿದ್ದಕ್ಕೆ ಪ್ರೂಫಮ್ಮನಿಗೆ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು.

"ಬಿಡಪ್ಪಾ," ಎಂದರು ರಾಯರು. ದನಿ ಬಾಡಿತ್ತು. "ನಿಮ್ಮ ಯಂತ್ರ ಅವಳನ್ನ ನುಂಗಿ ನೀರು ಕುಡಿದಿದೆ. ಏಳೇ, ಹೋಗೋಣ. ದಾರೀಲೇ ಗುಜರಿಯವನ ಅಂಗಡಿ ಸಿಗುತ್ತೆ, ಹೇಳಿಬಿಡೋಣ."

ಪ್ರೂಫಮ್ಮ ಏಳಲಿಲ್ಲ. ಮಂಡಿ ನೋವೂ ಹೌದು, ಹಟವೂ ಹೌದು. "ಇಷ್ಟು ದೂರ ನಡೆಸ್ಕೊಂಡು ಬಂದಿದ್ದೀರಿ, ನನಗೂ ಒಂದು ಸಲ ಕೊಡಿ," ಎಂದು ಹೆಡ್‌ಫೋನು ಹಾಕಿಕೊಂಡರು.

ಹಾಡುಗಾರ್ತಿ ಇದ್ದಳು. ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುವಷ್ಟು ಹತ್ತಿರ, ಎಡಗಿವಿಯಲ್ಲಿ ಇದ್ದಳು. ಆದರೂ ಏನೋ ಸರಿಯಿರಲಿಲ್ಲ. ಪುಟದ ಮೇಲೆ ಕಣ್ಣಾಡಿಸುವಾಗ ತಪ್ಪು ಯಾವುದೆಂದು ತಿಳಿಯುವ ಮೊದಲೇ ಕೈ ಪೆನ್ಸಿಲಿಗೆ ಹೋಗುತ್ತಿತ್ತಲ್ಲ, ಹಾಗಾಯಿತು.

"ರೀ, ಇವಳು ಈ ಕಡೆ ನಿಂತಿದ್ದಾಳೆ. ನಮ್ಮನೇಲಿ ಆ ಕಡೆ. ಕಿಟಕಿ ಪಕ್ಕ, ಬಲಕ್ಕೆ."

"ರೆಕಾರ್ಡಿನಲ್ಲಿ ಎಡಕ್ಕೇ ಇರೋದಮ್ಮಾ," ಎಂದು ಸೇಲ್ಸ್‌ಮನ್ ಕವರಿನ ಹಿಂಬದಿಗೆ ಬೆರಳಿಟ್ಟ. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಎಡಕ್ಕೆ ಗಾಯನ, ಬಲಕ್ಕೆ ಪಿಟೀಲು. ಅದರ ಮೇಲೆ ಪೆನ್ಸಿಲಿನಲ್ಲಿ ಯಾರೋ ಹಾವಿನಂಥ ಗೆರೆಯೊಂದನ್ನು ಎಳೆದಿದ್ದರು. "ಇದೇನಿದು ಗುರುತು?"

ಪ್ರೂಫಮ್ಮ ಕನ್ನಡಕ ಸರಿಮಾಡಿಕೊಂಡರು. ಎರಡು ಪದಗಳನ್ನು ಅದಲುಬದಲು ಮಾಡಿ ಎಂದು ಹೇಳುವ ಪ್ರೂಫಿನ ಗುರುತು ಅದು. ಅವರದೇ ಕೈ. ರೆಕಾರ್ಡು ಕೊಂಡ ವಾರ ಅಚ್ಚಿನ ತಪ್ಪೆಂದುಕೊಂಡು ತಿದ್ದಿದ್ದರು.

"ಸರ್, ಮನೇಲಿ ಸ್ಪೀಕರುಗಳನ್ನ ಜೋಡಿಸಿದ್ದು ಯಾರು?"

"ನಾನೇ. ಹಿಂದೆ ನಿಂತು ವೈರು ಸಿಕ್ಕಿಸಿದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅದರಲ್ಲೇನಿದೆ?"

"ಹಿಂದೆ ನಿಂತಾಗ ನಿಮ್ಮ ಎಡ..." ಎಂದು ಸೇಲ್ಸ್‌ಮನ್ ಎರಡೂ ಕೈ ಚಾಚಿ, ತಾನೇ ಒಂದು ಸುತ್ತು ತಿರುಗಿ ತೋರಿಸಿದ.

ಪ್ರೂಫಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಿಮ್ಮ! ಮನೆಯನ್ನೂ ಮೊಳೆ ಥರ ತಿರುಗಾಮುರುಗಾ ಜೋಡಿಸಿದ್ರಾ? ಮೂವತ್ತೊಂದು ವರ್ಷ!"

"ನೀನೇನು ಕಡಿಮೆ? ನನ್ನ ತಪ್ಪನ್ನ ಬಿಟ್ಟು ಸರಿ ಇರೋದನ್ನ ತಿದ್ದಿದ್ದೀಯ."

"ಇರಲಿ. ಹಾಗಾದ್ರೆ ಇದನ್ನೂ ತಿರುಗಿಸಿ ಹಾಕ್ಕೊಳ್ಳಿ. ನಮ್ಮನೆ ಥರ." ಪ್ರೂಫಮ್ಮ ಹೆಡ್‌ಫೋನಿನ ಎಡಬಲ ಬದಲಿಸಿ ಗಂಡನ ತಲೆಗೆ ಇಟ್ಟರು.

ರಾಯರ ಮುಖ ಅರಳಿತು. "ಬಂದಳು!" ಎಂದರು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

"ಪಿಟೀಲು ಹೋಯ್ತು," ಎಂದರು ಮೆಲ್ಲಗೆ.

ರಾಯರು ಹೆಡ್‌ಫೋನು ತೆಗೆದು, ತಿರುಗಿಸಿ ಹಾಕಿಕೊಂಡರು. ಮತ್ತೆ ತೆಗೆದು, ಮತ್ತೆ ತಿರುಗಿಸಿದರು. ಅವಸರವಿಲ್ಲದೆ, ಮೊಳೆಯೊಂದನ್ನು ಬೆಳಕಿಗೆ ಹಿಡಿದು ಎಲ್ಲಿ ಮುಕ್ಕಾಗಿದೆಯೆಂದು ನೋಡುವ ಹಾಗೆ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಎಡಗಿವಿಯನ್ನು ಮುಟ್ಟಿಕೊಂಡರು.

"ಯಂತ್ರ ಸರಿಯಾಗಿದೆ. ಈ ಕಡೆ ಮೊಳೆ ಸವೆದಿದೆ." ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ತೆ ಯಾಕೆ ಗುರುತು ಹಾಕಲಿಲ್ಲ?"

"ಎಲ್ಲಾ ತಪ್ಪಿಗೂ ಗುರುತು ಹಾಕೋಕಾಗುತ್ತಾ? ಕೆಲವನ್ನ ಹಾಗೇ ಬಿಡ್ತೀವಿ."

ಸೇಲ್ಸ್‌ಮನ್ ಬೆನ್ನು ತಿರುಗಿಸಿ, ದೂಳಿಲ್ಲದ ಸ್ಪೀಕರೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿ ಒರೆಸಿ, ಕಡೆಗೆ ನರಳುತ್ತಾ ಮೊಣಕಾಲೂರಿ ಕೂತು, ಎಲ್ಲಕ್ಕಿಂತ ಕೆಳಗಿನ ಹಲಗೆಯಿಂದ ಒಂದು ಚಿಕ್ಕ ಆಂಪ್ಲಿಫೈಯರನ್ನು ಎಳೆದ.

"ಸರ್, ಮೇಲಿನದನ್ನೇ ತೋರಿಸಬೇಕು ಅಂತ ನಮಗೆ ಹೇಳಿದ್ದಾರೆ. ಅದರಲ್ಲಿ ಈ ಗುಂಡಿ ಇಲ್ಲ. ಇದರಲ್ಲಿದೆ." ಗುಂಡಿಯ ಕೆಳಗೆ 'ಮೋನೋ' ಎಂದಿತ್ತು. "ಮನೇಲಿ ಸ್ಪೀಕರಿಂದ ಬರೋ ಸದ್ದು ಕೋಣೇಲಿ ಬೆರೆತು ಎರಡೂ ಒಂದೇ ಕಿವಿಗೆ ಸಿಗುತ್ತೆ. ಹೆಡ್‌ಫೋನಲ್ಲಿ ಬೆರೆಯಲ್ಲ, ಅದಕ್ಕೇ ಒಂದು ಹೋಗುತ್ತೆ. ಇದನ್ನ ಒತ್ತಿದ್ರೆ ಇದೇ ಬೆರೆಸಿ ಕೊಡುತ್ತೆ. ಈಗ ಯಾರೂ ಒತ್ತಲ್ಲ. ನಮ್ಮಪ್ಪನಿಗೆ ಬೇಕಾಗಿತ್ತು."

ರಾಯರು ಹಾಕಿಕೊಂಡರು. ಅವನು ಗುಂಡಿ ಒತ್ತಿದ. ಪ್ರೂಫಮ್ಮ ಗಂಡನ ಮುಖವನ್ನೇ ನೋಡುತ್ತ ಸೆರಗಿನ ತುದಿ ಹಿಂಡಿದರು. ಒಂದು ಹಾಡು ಪೂರ್ತಿ ಮುಗಿಯಿತು.

"ಇಬ್ಬರನ್ನೂ ಒಂದೇ ಕಡೆ ತುಂಬಿದ್ದಾರೆ," ಎಂದರು ರಾಯರು. "ಸಾಲಿಗೂ ಸಾಲಿಗೂ ನಡುವೆ ಜಾಗ ಬಿಟ್ಟಿಲ್ಲ. ಇಕ್ಕಟ್ಟು."

"ಓದೋಕಾಗುತ್ತಾ?" ಎಂದು ಕೇಳಿದರು ಪ್ರೂಫಮ್ಮ.

ರಾಯರು ಮುಂದಿನ ಹಾಡಿನ ಒಂದು ಸಾಲು ಕೇಳಿದರು. "ಓದಬಹುದು," ಎಂದರು. "ದಣಿವಾಗುತ್ತೆ. ಆದ್ರೂ ಓದಬಹುದು."

ಸೇಲ್ಸ್‌ಮನ್ನೇ ಅವರು ಕೊಂಡ ಆಂಪ್ಲಿಫೈಯರು, ಹೆಡ್‌ಫೋನುಗಳ ಡಬ್ಬಕ್ಕೆ ಹಗ್ಗ ಬಿಗಿದು, ಹಿಡಿಯುವಲ್ಲಿ ಕೈ ಕೊಯ್ಯದಿರಲೆಂದು ರಟ್ಟು ಸುತ್ತಿಕೊಟ್ಟ. ಬಸ್‌ಸ್ಟಾಪಿನವರೆಗೆ ರಾಯರು ಅದನ್ನು ಯಾರಿಗೂ ಕೊಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮನೆ ಎಷ್ಟೋ ಕಾಲದ ಮೇಲೆ ತಣ್ಣಗಿತ್ತು. ಸೊಸೆ ಮಲಗಿ ಐದೂವರೆ ಗಂಟೆಯಾಗಿತ್ತು. ರಾಯರು ಸೋಫಾದ ಮೇಲೆ ಕಿವಿಗೆ ಚಿಪ್ಪು ಕಟ್ಟಿಕೊಂಡು ಕೂತಿದ್ದರು. ತಿರುಗುವ ರೆಕಾರ್ಡಿನ ಮೇಲೆ ಮುಳ್ಳು ಸವರುವ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಇನ್ನು ನಾನೂ ಒಂದು ಗಳಿಗೆ ಅಡ್ಡಾಗಬಹುದು ಎಂದು ಪ್ರೂಫಮ್ಮ ಚಾಪೆ ಬಿಡಿಸಿ, ಕಾಲು ಚಾಚಿ, ಕಣ್ಣು ಮುಚ್ಚಿದರು.

ಆಗ ರಾಯರು ಹಾಡಿದರು. ಗಂಟಲು ಬಿಚ್ಚಿ, ಶ್ರುತಿಯ ಹಂಗಿಲ್ಲದೆ, ಗೋಡೆಯ ಕ್ಯಾಲೆಂಡರು ಅಲುಗುವಂತೆ.

ಪ್ರೂಫಮ್ಮ ಮಂಡಿಯನ್ನೂ ಮರೆತು ಓಡಿಹೋಗಿ ಅವರ ಬಾಯಿಗೆ ಕೈ ಅಡ್ಡ ಹಿಡಿದರು. ರಾಯರು ಬೆಚ್ಚಿ ಚಿಪ್ಪು ಸರಿಸಿದರು.

"ಏನೇ?"

"ಮೆಲ್ಲಗೆ! ಹಾಡ್ತಾ ಇದ್ದೀರಿ!"

"ನಾನಾ? ಹಾಡಿದ್ನಾ?"

"ಹಾಡಿದ್ದಲ್ಲ, ಕಿರುಚಿದ್ದು."

ಇಬ್ಬರೂ ಉಸಿರು ಬಿಗಿಹಿಡಿದು ಗೋಡೆಯನ್ನು ನೋಡಿದರು. ಆಚೆ ಮಂಚ ಕಿರುಗುಟ್ಟಿತು. ಸೊಸೆ ಮಗ್ಗುಲು ಬದಲಿಸಿದಳು. ಮತ್ತೆ ಮೌನ. ರಾಯರ ಮುಖ ಸಣ್ಣದಾಗಿತ್ತು. ಕೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಪ್ರೂಫಮ್ಮ ಆ ಕೈ ಹಿಡಿದು ತೊಡೆಯ ಮೇಲಿಟ್ಟರು, ಚಿಪ್ಪನ್ನು ಅವರ ಕಿವಿಗೆ ಮತ್ತೆ ಕೂರಿಸಿದರು, ಬಲಗಿವಿಯ ಬಳಿ ಅದನ್ನು ಸ್ವಲ್ಪ ಎತ್ತಿ ಹೇಳಿದರು:

"ನೀವು ಕೇಳಿ. ಬಾಯಿ ತೆರೆದರೆ ಚಿವುಟ್ತೀನಿ."

ಚಾಪೆಯನ್ನು ಬಿಚ್ಚಿದ ಹಾಗೆಯೇ ಬಿಟ್ಟು ಅವರ ಪಕ್ಕದಲ್ಲಿ ಕೂತರು. ಕಣ್ಣು ಎಳೆಯುತ್ತಿತ್ತು. ಎಳೆದು ಇನ್ನೇನು ಮುಚ್ಚಬೇಕು, ಪಕ್ಕದಲ್ಲಿ ಗಂಟಲು ಸಜ್ಜಾಗುವುದು ಗೊತ್ತಾಗುತ್ತಿತ್ತು. ಚಿವುಟುತ್ತಿದ್ದರು. ರಾಯರು ತಪ್ಪಾಯಿತು ಎನ್ನುವಂತೆ ತಲೆಯಾಡಿಸಿ ಬಾಯಿ ಮುಚ್ಚುತ್ತಿದ್ದರು. ಹೀಗೇ ರೆಕಾರ್ಡಿನ ಒಂದು ಬದಿ ಮುಗಿದು ಇನ್ನೊಂದು ಶುರುವಾಯಿತು. ಗೋಡೆಯಾಚೆಯಿಂದ ಸೊಸೆಯ ಗೊರಕೆ ಸಣ್ಣಗೆ, ಒಂದೇ ಲಯದಲ್ಲಿ ಬರತೊಡಗಿತ್ತು. ನಾಲ್ಕಕ್ಕೆ ಇನ್ನೂ ಒಂದೂಕಾಲು ಗಂಟೆ ಇತ್ತು. ಪ್ರೂಫಮ್ಮ ಆ ಗೊರಕೆಯನ್ನೇ ಕೇಳುತ್ತ ಕೂತರು.