ಕಾಶೆವ್ವ ಕುಡಿದ ನೀರು

"ಏ ರಂಡಿ, ಬಾಯಾಗ ಮಣ್ಣ ತುಂಬಕೊಂಡಿಯೇನ? ನಮ್ಮವ್ವಗ ನೀರ ಕೊಟ್ಟಿಯೋ ಇಲ್ಲೋ, ಹೇಳ!"

ಬಸವಣ್ಣೆಪ್ಪ ಗೌಡ ಪ್ಲೇಗಿನ ಛಪ್ಪರದಿಂದ ಇಪ್ಪತ್ತು ಮಾರು ದೂರ ನಿಂತು, ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡು ಒದರಿದ. ಕಾಡವ್ವ ಛಪ್ಪರದ ಬಾಗಿಲಲ್ಲಿ ಕೂತಿದ್ದಳು. ಯಾರದೋ ವಾಂತಿ ಬಳಿದ ಅರಿವೆಯನ್ನು ಹಿಂಡುತ್ತಿದ್ದಳು. ಹೆತ್ತವಳು ಒಳಗೆ ಹೆಣವಾಗಿ ಬಿದ್ದಿದ್ದರೂ ಬಾಗಿಲ ತನಕ ಬರದ ಗಂಡಸು ಇವನು. ಮೀಸೆಗೇನೂ ಕಡಿಮೆ ಇರಲಿಲ್ಲ.

ಕಾಶೆವ್ವನ ಬಗಲಲ್ಲಿ ಗಡ್ಡೆ ಎದ್ದ ದಿನವೇ ಮಗ ಆಕೆಯನ್ನು ಚಕ್ಕಡಿಯಲ್ಲಿ ಹಾಕಿಸಿ, ಹುಕ್ಕೇರಿಯ ಹೊರಗಿನ ಈ ಛಪ್ಪರಕ್ಕೆ ಸಾಗಿಸಿ ಕೈ ತೊಳೆದುಕೊಂಡಿದ್ದ. ಜೊತೆಗೆ ಕಳಿಸಿದ್ದು ಒಂದು ಹಿತ್ತಾಳೆ ತಂಬಿಗೆ. ಅದರಲ್ಲಿ ನೀರು ಕೊಡುವವರು ಯಾರೆಂದು ಆ ದೊಡ್ಡ ಮನೆತನದಲ್ಲಿ ಒಬ್ಬರೂ ಕೇಳಲಿಲ್ಲ. ಕಂಪೌಂಡರ್ ಔಷಧದ ಬಾಟಲಿಯನ್ನು ಹೊರಗಿಟ್ಟು ಓಡುತ್ತಿದ್ದ. ಹೇಲು ಬಳಿಯಲು, ಕೀವು ಒರೆಸಲು, ಸತ್ತವರ ಕಣ್ಣು ಮುಚ್ಚಲು ಹೊಲಗೇರಿಯ ಕಾಡವ್ವ ಒಬ್ಬಳೇ. ಅವಳ ಗಂಡ ಕರೆಪ್ಪ ಸತ್ತ ದಿನವೂ ಇಪ್ಪತ್ತು ಮಂದಿ ನೀರು ನೀರು ಅಂತ ಬಾಯಿ ಬಿಡುತ್ತಿದ್ದರು. ಅಳಲು ಹೊತ್ತು ಸಿಗಲಿಲ್ಲ. ಆಮೇಲೆ ಅಳಬೇಕೆಂದರೂ ಅಳು ಬರಲಿಲ್ಲ.

ಗೌಡನ ಬಾಜೂಕ್ಕೆ ಮಠದ ಅಯ್ಯ ನಿಂತಿದ್ದ. ಮಣ್ಣು ಮಾಡುವ ಮುಂಚೆ ಹೆಣದ ತಲೆಯ ಮೇಲೆ ಅಯ್ಯ ಪಾದ ಇಡಬೇಕು. ಇಡದಿದ್ದರೆ ಸತ್ತವರಿಗೆ ಸದ್ಗತಿ ಇಲ್ಲ. ಹೊಲತಿಯ ಕೈನೀರು ಕುಡಿದ ಹೆಣಕ್ಕೆ ಪಾದ ಮುಟ್ಟಿಸುವುದಿಲ್ಲ ಎಂದು ಅಯ್ಯ ಹಟ ಹಿಡಿದಿದ್ದ. ನೀರು ಕೊಟ್ಟವರು ಯಾರೆಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತು. ಈಗ ಬೇಕಾಗಿದ್ದದ್ದು ಅವಳ ಬಾಯಿಂದ ಒಂದು ಸುಳ್ಳು.

"ಕೊಟ್ಟಿಲ್ಲಂತ ಒಂದ್ ಮಾತ ಅನ್ನ," ಗೌಡ ದನಿ ಇಳಿಸಿದ. "ನಿನ್ನ ಮಗಳು ಬಾಣಂತಿ, ನನ್ನ ಹೊಲದಾಗ ಗುಡಸಲಾ ಹಾಕ್ಕೊಂಡಾಳ. ನೆನಪೈತಿಲ್ಲೋ? ಇವತ್ತ ಕಿತ್ತ ಒಗಸ್ತೇನಿ."

ಕಾಡವ್ವ ಹೊಲದ ಕಡೆ ನೋಡಿದಳು. ಊರಿನಲ್ಲಿ ಇಲಿ ಸತ್ತು ಬೀಳುತ್ತಿವೆ. ಹಸುಗೂಸು ಕಟ್ಟಿಕೊಂಡು ಮಗಳು ಸುಂದ್ರವ್ವ ಎಲ್ಲಿಗೆ ಹೋಗಬೇಕು? 'ಇಲ್ರಿ' ಎನ್ನುವ ಮಾತು ನಾಲಿಗೆಯ ತುದಿಗೇ ಬಂತು.

ಅಷ್ಟರಲ್ಲಿ ಅಯ್ಯ ಗಂಟಲು ಸರಿಮಾಡಿಕೊಂಡ. "ಮುದುಕಿ ನೀರ ಬೇಡಿದ್ಲು, ನೀ ಕೊಡಲಿಲ್ಲ. ಹಂಗಽ ಗಂಟಲ ಒಣಗಿ ಸತ್ಲು. ಹೌದಿಲ್ಲೋ?"

"ಹೌದ್ರಿ ಹೌದ್ರಿ, ಹಂಗಽ ಸತ್ಲು," ಎಂದು ಗೌಡನೇ ಗೋಣು ಹಾಕಿದ. ಅವನ ಮುಖ ಅರಳಿತ್ತು.

ಕಾಡವ್ವ ಅರಿವೆ ಬಿಸಾಕಿ ಎದ್ದಳು.

"ಥೂ! ನಿನ್ನ ಗೌಡಕೀಗಿ ಬೆಂಕಿ ಹತ್ತಲಿ! ಹಡದಾಕಿ ನೀರಿಲ್ದ ಸತ್ಲಂದ್ರ ನಿನಗ ಸಮಾಧಾನೇನೋ ಭಾಡ್ಯಾ? ಕೊಟ್ಟೇನಿ! ಮೂರ ದಿನ ಇದಽ ಕೈಲೆ ಕೊಟ್ಟೇನಿ. ತಂಬಿಗಿ ಹಿಡಿಯಾಕ ಆಗಲಿಲ್ಲ ಆಕಿಗೆ, ನನ್ನ ಬೊಗಸ್ಯಾಗ ಕುಡದ್ಲು. ಕುಡದು ನನಗ 'ಯವ್ವಾ' ಅಂದ್ಲು. ನಿನ್ನ ಹೆಸರ ಒಮ್ಮೀನೂ ತಗೀಲಿಲ್ಲ."

ಅಯ್ಯ ಆವುಗೆ ಮೆಟ್ಟಿಕೊಂಡು ಬಂದ ದಾರಿ ಹಿಡಿದ. ಗೌಡ ಹಿಂದೆ ನಿಂತಿದ್ದ ಆಳುಗಳಿಗೆ ಗುಡಿಸಲಿದ್ದ ಹೊಲದ ಕಡೆ ಕೈಮಾಡಿದ, ಅವರು ಓಡಿದರು.

ಕಾಡವ್ವ ಒಳಹೊಕ್ಕು, ಹೊರಗಿನವರಿಗೆ ಕಾಣುವಂತೆ ಬಾಗಿಲಿನ ಬಿದಿರು ತಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಸೀರೆ ಎತ್ತಿ ಕಟ್ಟಿದಳು. ಒದ್ದೆ ಪಾದವನ್ನು ಕಾಶೆವ್ವನ ನೆತ್ತಿಯ ಮೇಲೆ ಮೆಲ್ಲಗೆ ಇಟ್ಟಳು.

"ಹೋಗ ನಮ್ಮವ್ವ, ಇನ್ನ ಹೋಗ," ಅಂದಳು. ಕರೆಪ್ಪ ಸತ್ತಾಗ ಬರದ ಅಳು ಈಗ ಬಂತು.

"ಕಾಲ ತಗಿ, ರಂಡಿ! ತಗಿ ಅಂದ್ರ!" ಗೌಡ ಇಪ್ಪತ್ತು ಮಾರು ದೂರದಿಂದಲೇ ಚೀರುತ್ತಿದ್ದ. ಕಾಡವ್ವ ತೆಗೆಯಲಿಲ್ಲ.